ಜೈಂಟ್ ವೀಲಿನ ತುದಿಯಲ್ಲಿ ಕಡಿದ ಎಳೆ

ಮದ್ರಾಸು, ಬುಧವಾರ

ಅತ್ತೆಯವರೇ, ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ.

ಸೀರೆ ಸಾಹುಕಾರರು ನಮ್ಮನ್ನು ಇಳಿಸಿರುವ ಹೋಟೆಲಿಗೆ ಅಂಟಿಕೊಂಡೇ ಒಂದು ಆಟದ ಪಾರ್ಕ್ ಇದೆ. ಹೋಟೆಲಿನಲ್ಲಿ ಉಳಿದವರನ್ನು ಮಿಕ್ಕವರಿಗಿಂತ ಒಂದು ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಅಷ್ಟು ದೊಡ್ಡ ಜೈಂಟ್ ವೀಲಿನಲ್ಲಿ ಇವತ್ತು ನಾವಿಬ್ಬರೇ! ಸಮುದ್ರ ನೋಡಲಿ ಎಂದು ಅದನ್ನು ತಿರುಗಿಸುವವನು ನಮ್ಮನ್ನು ತುತ್ತತುದಿಯಲ್ಲಿ ನಿಲ್ಲಿಸಿದ. ಗಡಗಡ ಸದ್ದು ನಿಂತದ್ದೇ ತಡ, ನಿಮ್ಮ ಮಗ ಮನೆಯಲ್ಲಿ ಮಗ್ಗ ನಿಂತಾಗ ಕೂಗುವ ಹಾಗೆಯೇ, "ಎಳೆ ಕಡೀತು, ನೋಡೇ ಬೇಗ!" ಎಂದು ಕೂಗಿಬಿಟ್ಟರು.

ಅವರ ಕೆಮ್ಮು ಕಡಿಮೆಯಾಗಿದೆ, ಇಲ್ಲಿಯ ಬಿಸಿಲು ಒಗ್ಗಿದಂತಿದೆ. ಶನಿವಾರ ದೊಡ್ಡಬಳ್ಳಾಪುರಕ್ಕೆ ಬರುತ್ತೇವೆ. ಸಮುದ್ರ ಹೇಗಿತ್ತೆಂದು ಮಾತ್ರ ಕೇಳಬೇಡಿ. ಅಷ್ಟು ಹೊತ್ತೂ ನಾನು ಎಳೆ ಹುಡುಕುತ್ತಿದ್ದೆ.

ನಿಮ್ಮ ಸೊಸೆ
ಅರುಣಾ