ತ್ರಿಶಲಾಳಿಗೆ ಕೊಡಿಸಿದ ಚಾಕು

ತೋಟದ ಮನೆ, ಐನಾಪುರ
ಸೆಪ್ಟೆಂಬರ್ ೧೭, ಬುಧವಾರ

ತ್ರಿಶಲಾಳ ಅಪ್ಪಾಜಿಯವರಿಗೆ,

ಮಂಗಲ ಮಾಡುವ ಜೈ ಜಿನೇಂದ್ರ. ನಿಮ್ಮ ಮೊಣಕಾಲು ಹೇಗಿದೆ? ಮುನಿಗಳ ಸಂಘದ ಜೊತೆ ಅಷ್ಟು ದೂರ ನಡೆದವರು, ಚಾತುರ್ಮಾಸಕ್ಕೆ ಈಗ ಒಂದೇ ಊರಲ್ಲಿ ನಿಂತಿದ್ದೀರೆಂದು ತಿಳಿದು ಸಮಾಧಾನವಾಯಿತು. ದಿನಕ್ಕೆ ಒಂದೇ ಊಟವೆಂದು ವ್ರತ ಹಿಡಿದಿದ್ದೀರಂತೆ. ಸಕ್ಕರೆ ಕಾಯಿಲೆಯವರು, ಹಟ ಮಾಡಬೇಡಿ, ಮಾತ್ರೆ ತಪ್ಪಿಸಬೇಡಿ. ದೀಪಾವಳಿಯವರೆಗೆ ಮೊಬೈಲ್ ಮುಟ್ಟುವುದಿಲ್ಲವೆಂದು ನೀವು ನೇಮ ಮಾಡಿದ್ದರಿಂದ ನಾನು ಪೆನ್ನು ಹಿಡಿಯಬೇಕಾಯಿತು. ಮದುವೆಯಾದ ಹೊಸತರಲ್ಲಿ ತವರಿನಿಂದ ನಿಮಗೆ ಬರೆದದ್ದೇ ಕೊನೆ. ಅಕ್ಷರ ನೋಡಿ ನಗಬೇಡಿ. ಪಕ್ಕದ ತೋಟದ ಧನಪಾಲಣ್ಣ ಇವತ್ತು ಮಧ್ಯಾಹ್ನ ಮುನಿಗಳ ದರ್ಶನಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಘದವರ ನಂಬರಿಗೆ ಎರಡು ಸಲ ಫೋನ್ ಮಾಡಿದ್ದೆ. ಭಾವನವರು, ನಿಮ್ಮ ಅಣ್ಣ, ಸಂಘದವರಿಗೆ ಮೊದಲೇ ಎಲ್ಲ ಆರಾಮ ಎಂದು ಹೇಳಿಬಿಟ್ಟಿದ್ದರಂತೆ. ‘ಅವ್ರ ನೇಮಾ ಕೆಡಸಬ್ಯಾಡ್ರಿ ಅಕ್ಕಾ’ ಎಂದು ಇಟ್ಟುಬಿಟ್ಟರು.

ದ್ರಾಕ್ಷಿ ಬಳ್ಳಿ ಚೆನ್ನಾಗಿವೆ, ಬಳ್ಳಿ ಸವರುವ ಚಾಟ್ನಿಗೆ ಆಳು ಹೇಳಿದ್ದೇನೆ. ಎಮ್ಮೆ ಕರು ಹಾಕಿದೆ. ಮನೆಯಲ್ಲಿ ಮಾತ್ರ ಆರಾಮಿಲ್ಲ. ಗಟ್ಟಿ ಮನಸ್ಸು ಮಾಡಿಕೊಂಡು ಓದಿ.

ನೀವು ಹೋದ ಮೇಲೆ ಗೊಬ್ಬರದಂಗಡಿಯವರ ಮಗ ಸುಹಾಸ ನಮ್ಮ ತ್ರಿಶಲಾಳ ಬೆನ್ನು ಹತ್ತಿದ. ಬಸದಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮನೆತನ ಅದು, ನಿಮಗೆ ಗೊತ್ತಿದ್ದದ್ದೇ. ಅವಳು ಅಥಣಿ ಕಾಲೇಜಿನಿಂದ ಬಸ್ಸಿಳಿಯುವುದನ್ನೇ ಕಾಯ್ದು, ತೋಟದ ಹಾದಿಯಲ್ಲಿ ಗಾಡಿಯನ್ನು ಮೆಲ್ಲಗೆ ಹಿಂದೆ ಹಿಂದೆ ಓಡಿಸುತ್ತಿದ್ದ. ಈ ವರ್ಷ ಮಳೆ ಹೆಚ್ಚಾಗಿ ಕಬ್ಬು ಆಳೆತ್ತರ ದಾಟಿದೆ. ಎರಡೂ ಬದಿಗೆ ಗೋಡೆ ಕಟ್ಟಿದ ಹಾಗೆ, ಕೂಗಿದರೆ ಮನೆಗೆ ಕೇಳುವುದಿಲ್ಲ. ಒಂದು ಸಂಜೆ ಗಾಡಿ ಅಡ್ಡ ಹಾಕಿ ಅವಳ ರಟ್ಟೆ ಹಿಡಿದ. ಹಿಂದಿನಿಂದ ಟ್ರ್ಯಾಕ್ಟರ್ ಬಂದದ್ದಕ್ಕೆ ಬಿಟ್ಟ. ಮನೆಗೆ ಬಂದವಳ ಕೈಯಲ್ಲಿ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ನಾನು ಭಾವನವರಿಗೆ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, ‘ಪೊಲೀಸು ಗಿಲೀಸು ಅಂದ್ರ ನಮ್ಮ ಹುಡ್ಗಿ ಹೆಸರ ಕೆಡತೈತಿ. ಸ್ವಲ್ಪ ದಿನ ಕಾಲೇಜ ಬಿಡಸು’ ಎಂದರು. ಅವನ ಮನೆಗೆ ಹೋಗಿ ಒಂದು ಮಾತು ಕೇಳಲೂ ಇಲ್ಲ.

ಅವತ್ತು ರೊಟ್ಟಿ ಬಡಿಯುತ್ತಿದ್ದಾಗ ತ್ರಿಶಲಾ ಹತ್ತಿರ ಬಂದು ಕುಳಿತಳು. ‘ಅವ್ವಾ, ಕಾಲೇಜ ಬಿಡಂಗಿಲ್ಲ ನಾ. ನನಗೊಂದು ಚಾಕು ಕೊಡ್ಸು’ ಅಂದಳು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಬದನೆಕಾಯಿ ‘ಕೊಯ್ಯಿ’ ಅಂದರೆ ಹಿಂಸೆಯ ಮಾತೆಂದು ಸಿಟ್ಟಾಗಿ ‘ಹಸನ ಮಾಡು ಅನ್ನು’ ಎಂದು ತಿದ್ದುತ್ತಿದ್ದ ನಿಮ್ಮ ತಾಯಿಯವರ ಅಡುಗೆಮನೆ ಇದು. ಬೈದು ನೋಡಿದೆ, ಅತ್ತು ನೋಡಿದೆ, ನಾನೇ ದಿನಾ ಬಸ್ಸಿಗೆ ಬಂದು ನಿಲ್ಲುತ್ತೇನೆ ಎಂದೆ. ‘ಎಲ್ಲೆಲ್ಲಿ ಬರ್ತಿ? ಎಷ್ಟ ದಿನ ಬರ್ತಿ?’ ಎಂದಳು.

ಇಲ್ಲಿ ಕೊಂಡರೆ ಮಂದಿ ಆಡಿಕೊಳ್ಳುತ್ತಾರೆಂದು ನಿಪ್ಪಾಣಿಗೆ ಹೋದೆವು. ಪೇಟೆಯಲ್ಲಿ ಕತ್ತರಿ, ಕುಡಗೋಲು, ಚಾಕು ಮಾರುವ ಹಳೆಯ ಅಂಗಡಿ. ಅಂಗಡಿಯವನು ಮರಾಠಿಯಲ್ಲಿ ‘ಕಾಯ ಕಾಪಾಯ್ಚಂ ವಹಿನಿ?’ ಎಂದು ಕೇಳಿದ. ಏನು ಕೊಯ್ಯಬೇಕು ಅತ್ತಿಗೆ ಎಂದರೆ ಏನು ಹೇಳಲಿ? ಕಲ್ಲಂಗಡಿ ಅಂದೆ. ಅವನು ಫಳಫಳ ಹೊಳೆಯುವ ಮಡಚುವ ಚಾಕುಗಳನ್ನು ಹರವಿದ. ಗುಂಡಿ ಒತ್ತಿದರೆ ಟಕ್ಕೆಂದು ತೆರೆಯುವಂಥವು. ನನಗೆ ಅವೇ ಚೆಂದ ಕಂಡವು, ಸಣ್ಣವು, ಯಾರಿಗೂ ಕಾಣುವುದಿಲ್ಲ. ತ್ರಿಶಲಾ ಒಂದನ್ನು ತೆರೆದು ಅದರ ತುದಿಯನ್ನು ಹಲಗೆಗೆ ಒತ್ತಿದಳು. ಅದು ಹಿಂದಕ್ಕೆ ಮಡಚಿಕೊಂಡು ಅವಳ ಬೆರಳಿನ ಮೇಲೇ ಬಂತು, ತಟ್ಟನೆ ಕೈ ತೆಗೆದಳು. ಮತ್ತೊಂದರ ಅಲಗು ಬುಡದಲ್ಲೇ ಅಲ್ಲಾಡುತ್ತಿತ್ತು. ಇನ್ನೊಂದು ಚೂಪಾಗಿತ್ತು, ಆದರೆ ತಗಡಿನಷ್ಟು ತೆಳು. ಬೆಂಡೋಲೆ ಆರಿಸುವಾಗಲೂ ಅಷ್ಟು ಹೊತ್ತು ನೋಡಿದವಳಲ್ಲ ಅವಳು. ಕೊನೆಗೆ ಮಡಚದೇ ಇರುವುದೊಂದನ್ನು ಕೈಗೆತ್ತಿಕೊಂಡಳು. ಗೇಣಿಗಿಂತ ಕಡಿಮೆ ಉದ್ದ, ದಪ್ಪ ಬೆನ್ನು, ಕಟ್ಟಿಗೆಯ ಹಿಡಿಯ ಕೊನೆಯವರೆಗೂ ಒಂದೇ ಉಕ್ಕು, ಮೇಲೊಂದು ಚರ್ಮದ ಒರೆ. ಬೆವರಿದರೆ ಜಾರುತ್ತದೋ ಎಂದು ಅಂಗೈಯನ್ನು ನೀರಿನಲ್ಲಿ ಒದ್ದೆ ಮಾಡಿ ಹಿಡಿದು ನೋಡಿದಳು. ಆಮೇಲೆ ಗೋಡೆಗೆ ಮುಖ ಮಾಡಿ, ಕಾಲೇಜಿನ ಚೀಲದ ಬದಿಯ ಜೇಬಿನಲ್ಲಿಟ್ಟು, ಹೊರಗೆಳೆದು, ಮತ್ತೆ ಇಟ್ಟು, ಮತ್ತೆ ಎಳೆದಳು. ಎಷ್ಟು ಬೇಗ ಕೈಗೆ ಬರುತ್ತದೆ ಎಂದು ನೋಡುತ್ತಿದ್ದಳು. ನೀವು ಅದನ್ನು ನೋಡಲಿಲ್ಲ, ಒಳ್ಳೆಯದಾಯಿತು. ನಾನು ಏನಾದರೂ ಮಾತಾಡಬೇಕೆಂದು ಅಂಗಡಿಯವನಿಗೆ ‘ಎಷ್ಟ ದಿನ ಬಾಳತೈತ್ರಿ ಇದು?’ ಎಂದೆ. ಅವನು ನಕ್ಕು, ‘ಬಿಂದಾಸ ಒಯ್ರಿ ವಹಿನಿ, ನಿಮ್ಮ ಮೊಮ್ಮಗಳಿಗೂ ಬರ್ತೈತಿ’ ಅಂದ. ಪಾಪ, ಒಳ್ಳೆಯ ಮಾತೆಂದೇ ಹೇಳಿದ. ಬಸ್ಸಿನಲ್ಲಿ ಚಿಕ್ಕೋಡಿ ಬರುವವರೆಗೂ ನಾನು ಸೆರಗು ಬಾಯಿಗಿಟ್ಟುಕೊಂಡೇ ಕುಳಿತಿದ್ದೆ.

ಚಾಕು ಬಂದ ಮೇಲೆ ಅವಳು ತಲೆ ಎತ್ತಿ ನಡೆಯತೊಡಗಿದಳು, ನಿಜ. ನನಗೂ ನಿದ್ದೆ ಹತ್ತಿತು. ದಶಲಕ್ಷಣ ಪರ್ವ ಬಂತು. ಅವಳು ಉಪವಾಸವಿದ್ದ ದಿನವೇ ಸುಹಾಸ ಮತ್ತೆ ಗಾಡಿ ಅಡ್ಡ ಹಾಕಿದ. ಚೀಲ ಹಿಡಿದು ಕಬ್ಬಿನ ಕಡೆಗೆ ಎಳೆದ. ಇವಳು ಚಾಕು ಹಿರಿದಳು. ಅವನು ಹೆದರಲಿಲ್ಲ, ನಕ್ಕ. ‘ಕೊಡ ಇಲ್ಲಿ’ ಎಂದು ಅಲಗಿಗೇ ಕೈ ಹಾಕಿ ಜಗ್ಗಿದ. ಇವಳು ಬಿಡಲಿಲ್ಲ. ಅಷ್ಟೇ. ಮನೆಗೆ ಬಂದು ನಳದ ಕೆಳಗೆ ಕೂತು ಕೈ ತೊಳೆದಳು, ಮತ್ತೆ ಮತ್ತೆ ತೊಳೆದಳು. ‘ಅವನೇ ಹಿಡ್ಕೊಂಡ ಅವ್ವಾ, ನಾ ಚುಚ್ಚಲಿಲ್ಲ’ ಎಂದಳು. ಉಪವಾಸದ ಬಾಯಿ, ಒಂದು ಹನಿ ನೀರು ಕೂಡ ಕುಡಿಯಲಿಲ್ಲ. ಮಿರಜದಲ್ಲಿ ಅವನ ಕೈಗೆ ಆಪರೇಷನ್ ಆಯಿತು. ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ಅವನ ತಾಯಿಯ ಮುಖ ನೆನೆದರೆ ನನಗೂ ಅನ್ನ ಇಳಿಯುವುದಿಲ್ಲ. ಆದರೆ ಅವನು ಊರಿಗೆಲ್ಲ ಹೇಳಿದ್ದೇನು ಗೊತ್ತೇ? ಇವಳೇ ಕರೆದಳು, ಇವಳೇ ಇರಿದಳು ಎಂದು.

ಹಿರಿಯರು ಕೂಡಿದರು. ಎಲ್ಲರೂ ಒಬ್ಬರಲ್ಲೊಬ್ಬರು ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ಬಸದಿಯಲ್ಲಿ ಎಲ್ಲರೆದುರು ತ್ರಿಶಲಾ ಅವನಲ್ಲಿ ಕ್ಷಮೆ ಕೇಳಲಿ, ಅಲ್ಲಿಗೆ ಮುಗಿಸೋಣ ಎಂದರು. ಭಾವನವರು ಹೂಂಗುಟ್ಟಿದರು. ನಾನು ಹೋಗಬೇಡ ಎಂದೆ. ಅವಳು ಬಿಳಿ ಸೀರೆ ಉಟ್ಟು ತಾನಾಗಿಯೇ ಹೊರಟಳು. ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಬಂದು ಸುಹಾಸನ ಮುಂದೆ ನಿಂತಳು. ‘ನಿನ್ನ ಕೈಗೆ ನೋವಾತು, ಅದಕ್ಕ ಕ್ಷಮಾ ಕೇಳ್ತೇನಿ. ಚಾಕು ತಗದದ್ದಕ್ಕ ಕೇಳಂಗಿಲ್ಲ’ ಎಂದಳು. ಆಮೇಲೆ ಕೈ ಮುಗಿದುಕೊಂಡೇ ನಿಂತಳು, ಅವನೂ ಕೇಳಲಿ ಎಂದು. ಅವನು ಪಟ್ಟಿ ಸುತ್ತಿದ ಕೈಯನ್ನೇ ನೋಡುತ್ತಿದ್ದ. ಅವನ ಅಪ್ಪ ಕೆಮ್ಮಿದ. ಅಷ್ಟು ಜನರಲ್ಲಿ ಒಬ್ಬರಾದರೂ ‘ನೀನೂ ಕೇಳಪಾ’ ಎನ್ನಬಹುದಿತ್ತು. ಅವಳು ಮುಗಿದ ಕೈ ಇಳಿಸಿ ಹೊರಗೆ ಬಂದಳು.

ಮರುದಿನ ಸುಹಾಸನ ಮನೆಯವರು ಠಾಣೆಗೆ ಹೋದರು. ಪೊಲೀಸರು ಬಂದು ಚಾಕು ಒಯ್ದರು, ಅವಳನ್ನೂ ಕರೆದೊಯ್ದರು. ‘ಚಾಕು ಮೊದ್ಲ ಇಟ್ಕೊಂಡಿದ್ದಿ ಅಂದ್ರ ಹೊಡೀಬೇಕಂತನ ಇಟ್ಕೊಂಡಿದ್ದಿ’ ಎಂದು ತಿರುತಿರುಗಿ ಕೇಳಿದರು. ‘ಕೊಡಿಸಿದಾಕಿ ನಾನ್ರಿ, ನನ್ನ ಕೇಳ್ರಿ’ ಎಂದೆ. ಮೊದಲ ದಿನದಿಂದ ನಡೆದದ್ದನ್ನೆಲ್ಲ ಹೇಳಿ ನಮ್ಮದೂ ಫಿರ್ಯಾದಿ ಬರೆಸಿ ಸಹಿ ಮಾಡಿದೆ. ಅವನು ರಟ್ಟೆ ಹಿಡಿದ ದಿನ ಟ್ರ್ಯಾಕ್ಟರ್ ಮೇಲಿದ್ದ ಮಲಕಾರಿ ತಾನು ಕಂಡದ್ದನ್ನು ಹೇಳುತ್ತೇನೆ ಎಂದಿದ್ದ. ಈಗ ಎದುರಾದರೆ ಹಾದಿ ಬದಲಿಸುತ್ತಾನೆ. ಜಾಮೀನು ಸಿಕ್ಕಿದೆ. ಅವಳು ಮತ್ತೆ ಕಾಲೇಜಿಗೆ ಹೋಗುತ್ತಾಳೆ, ಬಸ್ಸಿನವರೆಗೆ ನಾನು ಜೊತೆಗೆ ಹೋಗುತ್ತೇನೆ. ಗೆಳತಿಯರು ಅವಳ ಪಕ್ಕ ಕೂರುವುದಿಲ್ಲವಂತೆ.

ಮುನಿಗಳ ಪಾದಕ್ಕೆ ನನ್ನ ನಮೋಸ್ತು ತಿಳಿಸಿ. ಚಳಿ ಬಂದರೆ ಪೆಟ್ಟಿಗೆಯ ತಳದಲ್ಲಿ ಕಂದು ಶಾಲು ಇದೆ. ತ್ರಿಶಲಾ ನಿಮ್ಮ ಪಾದ ಮುಟ್ಟಿದ್ದಾಳೆಂದು ತಿಳಿಯಿರಿ.

ನಿಮ್ಮ
ಮಂಗಲ

ತಾ.ಕ.: ಧನಪಾಲಣ್ಣನ ಗಾಡಿ ಬಾಗಿಲಲ್ಲಿ ನಿಂತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಸುಹಾಸನ ಅಪ್ಪ ಭಾವನವರ ಹತ್ತಿರ ಬಂದಿದ್ದನಂತೆ, ಧನಪಾಲಣ್ಣ ಈಗಷ್ಟೇ ಹೇಳಿದರು. ‘ಹುಡ್ಗಿನ್ನ ನಮ್ಮ ಸುಹಾಸಗ ಕೊಡ್ರಿ, ಕೇಸ ಹಿಂದ ತಗೋತೇವಿ’ ಎಂದನಂತೆ. ಭಾವನವರು ಒಪ್ಪಿದ್ದಾರೆ. ನಿಮ್ಮಿಂದ ಹೂಂ ಅನ್ನಿಸಿಕೊಂಡು ಬರಲು ಧನಪಾಲಣ್ಣನಿಗೆ ಹೇಳಿದ್ದಾರೆ. ತ್ರಿಶಲಾಳಿಗೆ ಇನ್ನೂ ಗೊತ್ತಿಲ್ಲ. ಧನಪಾಲಣ್ಣನೆದುರೇ ಬಾಯಿಬಿಟ್ಟು ಇಲ್ಲ ಎನ್ನಿ. ನೀವು ಹೂಂ ಅಂದರೂ ನಾನು ಕೊಡುವುದಿಲ್ಲ. ಫಿರ್ಯಾದಿ ಬರೆಸುವುದು ಹೇಗೆಂದು ಈಗ ಕಲಿತಿದ್ದೇನೆ. ಇನ್ನೊಂದು ಬರೆಸಬೇಕಾಗಿ ಬಂದರೆ, ಅದರಲ್ಲಿ ನಿಮ್ಮ ಹೆಸರು ಹೇಳುವ ಗತಿ ನನಗೆ ತರಬೇಡಿ.