ಹದ ಬಂದ ಉಳಿಯ ಚುಕ್ಕಿ

ಅಪ್ಪಾ,

ಇವತ್ತು ತುಂಬಿದ ಸಭೆಯಲ್ಲಿ ನನ್ನ ಮಾನ ಹರಾಜಾಯಿತು. ಅದಕ್ಕೆ ನೀನೇ ಕಾರಣ ಎಂದು ಬರೆಯಲಿಕ್ಕೇ ಕೂತಿದ್ದೇನೆ.

ನೀನು ಹೋದ ಮೇಲೆ, ನೀನು ದುಡಿದ ಉಳಿ ಕಾರ್ಖಾನೆಯ ಚರಿತ್ರೆ ಬರೆಯತೊಡಗಿದೆ. ಹಳೆಯ ಉಪಕರಣ ಸಂಗ್ರಹಿಸುವವರ ಮುಂದೆ ಇವತ್ತು ಅದನ್ನು ಓದಿದೆ. ಕೆಲವು ಉಳಿಗಳಲ್ಲಿ ಕಾರ್ಖಾನೆಯ ಮುದ್ರೆಯ ಪಕ್ಕ ಒಂದು ಚುಕ್ಕಿ ಇರುತ್ತದಲ್ಲ, ಅದು ಮೊದಲ ವರ್ಷದ ಗುರುತು ಎಂದು ಎದೆಯುಬ್ಬಿಸಿ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದರು. ನಿನ್ನ ಕಾರ್ಖಾನೆಯಲ್ಲೇ ಉಳಿಗೆ ಹಿಡಿ ಕೂರಿಸುತ್ತಿದ್ದವರಂತೆ.

"ಯಾವ ವರ್ಷಾನೂ ಅಲ್ಲಪ್ಪ. ಅದು ನಿಮ್ಮಪ್ಪ ಹಾಕ್ತಿದ್ದ ಚುಕ್ಕಿ. ಕಾಯಿಸಿ ನೀರಿಗೆ ಅದ್ದಿದ ಉಳಿ ಸರಿಯಾಗಿ ಹದ ಬಂತು ಅಂತ ತನಗೇ ಅನಿಸಿದ್ರೆ ಮಾತ್ರ ಹಾಕೋನು. ನೂರಕ್ಕೆ ಒಂದೋ ಎರಡೋ. ಅವನಿದ್ದಾಗ ಒಂದ್ಸಲ ಕೇಳ್ಬಾರದಿತ್ತಾ?"

ಎಲ್ಲರೂ ನಕ್ಕರು.

ಮೂರು ವರ್ಷ ಗ್ರಂಥಾಲಯಗಳ ಧೂಳು ಕುಡಿದಿದ್ದೇನೆ, ಕಂಡಕಂಡವರಿಗೆಲ್ಲ ಕಾಗದ ಬರೆದಿದ್ದೇನೆ. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಒಂದು ಸಲ ನೀನು ನಿನ್ನ ಉಳಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಿದ್ದೆ, ನಿಜ. "ಆಮೇಲೆ ಅಪ್ಪಾ" ಎಂದೆ. ಇನ್ನೊಂದು ಸಲ ಬರಬಾರದಿತ್ತೇ?

ಮನೆಗೆ ಬಂದವನೇ ಆ ಉಳಿಯನ್ನು ಹೊರತೆಗೆದೆ. ನೀನು ತೀರಿಕೊಂಡ ವಾರವೇ, ತುಕ್ಕು ಹಿಡಿದಿದೆಯೆಂದು ನಾನೇ ಅದನ್ನು ಯಂತ್ರದಲ್ಲಿ ಉಜ್ಜಿಸಿ ಕನ್ನಡಿ ಮಾಡಿಟ್ಟಿದ್ದೆ. ಮುದ್ರೆಯೂ ಇಲ್ಲ, ಚುಕ್ಕಿ ಇತ್ತೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ. ಹೇಗೆ ತಿರುಗಿಸಿದರೂ ನನ್ನ ಮುಖವೇ ಕಾಣುತ್ತದೆ.