ಹಿಂದಿನ ಚೀಲದ ಚೀಟಿ

ರಕ್ತನಿಧಿಯ ಕಂಪ್ಯೂಟರ್ ಕೋಣೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ಬೆನ್ನುನೋವು ಹೇಗಿದೆ? ಹೊಸ ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡುತ್ತೀಯೆಂದು ಭಾವ ಹೇಳಿದರು. ಒಂದು ಕುರ್ಚಿ ಕೇಳಿದರೆ ಮಾನ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ, ಸಿಟ್ಟೊಂದನ್ನು ಬಿಟ್ಟರೆ.

ನೀನು ಜಂಭದ ಕೋಳಿ ಎಂದು ಹೆಸರಿಟ್ಟ ನಮ್ಮ ಮುಖ್ಯಸ್ಥ ಇನ್ನೂ ಹಾಗೆಯೇ ಕೂಗುತ್ತಿದ್ದಾನೆ. ನೀನು ಇಲ್ಲಿದ್ದಾಗ ಬರೆದ, ರಕ್ತದ ಚೀಲಗಳಿಗೆ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಶನಿವಾರ ಅದೇ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಗೆ ಏರಿಸಿದ. ಏನೇನು ಬದಲಾಗಿದೆ ಓದಿದಿರಾ ಎಂದು ಕೇಳಿದರೆ, "ಅದೆಲ್ಲ ಹೊಸಬರು ಓದೋದು. ನಾನು ಹದಿನೆಂಟು ವರ್ಷದಿಂದ ಇದೇ ಭಾಷೇಲಿ ಉಸಿರಾಡ್ತಿದ್ದೀನಿ" ಎಂದ. ಉಸಿರಾಡಿದ್ದಷ್ಟೇ ಬಂತು. ಹಳೆಯ ಆವೃತ್ತಿಯಲ್ಲಿ ಚೀಲಗಳ ಪಟ್ಟಿ ಕಟ್ಟುವ ಸಾಲಿನೊಳಗೆ ‘ಚೀಲ’ ಎಂಬ ಹೆಸರು ಬಳಸಿದರೆ ಅದು ಹೊರಕ್ಕೂ ಸೋರಿ, ಹೊರಗಿನ ‘ಚೀಲ’ವೂ ಪಟ್ಟಿಯ ಕೊನೆಯದು, ಅಂದರೆ ಈಗಷ್ಟೇ ಬಂದದ್ದು, ಆಗುತ್ತಿತ್ತು. ನಿನ್ನ ಚೀಟಿ ನಿಂತದ್ದೇ ಆ ಸೋರಿಕೆಯ ಮೇಲೆ. ಹೊಸದರಲ್ಲಿ ಒಳಗಿನ ಹೆಸರು ಒಳಗೇ ಮುಗಿಯುತ್ತದೆ. ಹೊರಗೆ ಹಿಂದಿನ ಚೀಲವೇ ಉಳಿದು, ಚೀಟಿಯೂ ಅದರದೇ ಅಚ್ಚಾಗುತ್ತದೆ. ಆವೃತ್ತಿ ಬದಲಾದರೆ ಈ ಸಾಲು ತಿದ್ದಿ ಎಂದು ನೀನು ಪಕ್ಕದಲ್ಲೇ ಬರೆದಿದ್ದೆ. ಟಿಪ್ಪಣಿಗಳೆಲ್ಲ ಕಸವೆಂದು ಆ ಮಹಾಶಯ ಮೊದಲು ಗುಡಿಸಿದ್ದೇ ಅದನ್ನು.

ಸೋಮವಾರ ಬೆಳಿಗ್ಗೆ ಎ ಗುಂಪಿನ ಚೀಲದ ಮೇಲೆ ಅದರ ಹಿಂದಿನ ಓ ಚೀಲದ ಚೀಟಿ ಕೂತಿತು. ಅದು ಹೋದದ್ದು ಹೆರಿಗೆಯಾಗಿ ರಕ್ತ ನಿಲ್ಲದೆ ಮಲಗಿದ್ದ, ಓ ಗುಂಪಿನ ಹೆಂಗಸಿಗೆ. ಓ ಗುಂಪಿನವರಿಗೆ ಎ ರಕ್ತ ವಿಷವಿದ್ದಂತೆ. ಸೂಜಿ ಜೋಡಿಸುವ ಮುಂಚೆ ನರ್ಸಮ್ಮ ಚೀಲದ ಕೊಳವೆಯ ಮೇಲೆ ಕಾರ್ಖಾನೆಯಲ್ಲೇ ಅಚ್ಚಾದ ನಂಬರ್ ನೋಡಿದರು. "ಚೀಟೀಲಿ ಬೇರೆ ನಂಬರ್ ಇದೆ. ನಾನಿದನ್ನ ಹಾಕಲ್ಲ" ಎಂದರಂತೆ. ಸರಿಯಾದ ಚೀಲ ಇಪ್ಪತ್ತು ನಿಮಿಷದಲ್ಲಿ ಹೋಯಿತು. ತಾಯಿ, ಮಗು ಇಬ್ಬರೂ ಉಳಿದರು.

ಮಂಗಳವಾರದ ಸಭೆಯಲ್ಲಿ ಕೋಳಿ ಹೇಳಿದ್ದೇನು ಗೊತ್ತೇ? ಬರೆದವಳು ಬಿಟ್ಟುಹೋದಳು, ತಪ್ಪೆಲ್ಲ ಅವಳದೇ. ಕುಣಿಯಲಾರದವನಿಗೆ ನೆಲ ಡೊಂಕು. ನಾನು ಹಳೆಯ ಪ್ರತಿ ತೆರೆದು ನಿನ್ನ ಟಿಪ್ಪಣಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಆಮೇಲೆ ಅವನು ನೀರು ಕುಡಿದದ್ದೇ ಕುಡಿದದ್ದು. ನಿನ್ನ ಹೆಸರಿಗೆ ಹೊರಟಿದ್ದ ನೋಟಿಸು ಅಲ್ಲೇ ನಿಂತಿತು.

ಭಾವನಿಗೆ ನಮಸ್ಕಾರ ಹೇಳು, ಬೆನ್ನಿಗೆ ಶಾಖ ಕೊಟ್ಟುಕೋ.

ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೊಸ ಆವೃತ್ತಿಯನ್ನು ಪರೀಕ್ಷಿಸಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಮನೆಗೆ ಹೋಗುವ ಅವಸರದಲ್ಲಿ ಒಂದೇ ಚೀಲದ ಚೀಟಿ ಮುದ್ರಿಸಿ ನೋಡಿದ್ದೆ. ಒಂದೇ ಚೀಲವಿದ್ದರೆ ಹಿಂದಿನದೆಲ್ಲಿ, ಈಗಿನದೆಲ್ಲಿ? ತಪ್ಪು ಕಾಣಲೇ ಇಲ್ಲ. ಸಭೆಯಲ್ಲಿ ಬಾಯಿ ಬಿಡಲಿಲ್ಲ. ಇವತ್ತು ನನ್ನ ತಪ್ಪನ್ನು ಕಚೇರಿಗೆ ಬರೆದು ಕೊಟ್ಟೆ. ಕೋಳಿಯನ್ನು ಬೈದಷ್ಟು ನನ್ನನ್ನೂ ಬೈದು ಬರೆ, ಅಕ್ಕಾ.